ರೋಹಿಣಿ ಮಳೆಯ ಹೂವು

ಗೋಕಾಕದ ಅತ್ತರದ ನಬಿಲಾಲನ ಮೂಗೆಂದರೆ ಪೇಟೆಯವರಿಗೆಲ್ಲ ಸೋಜಿಗ. ಕೇದಗೆಯೋ ಖಸ್ಸೋ, ಅದರಲ್ಲಿ ಎಣ್ಣೆ ಬೆರೆಸಿದ್ದಾರೋ ಇಲ್ಲವೋ, ಬಿರಡೆ ಎತ್ತಿದ ಕೂಡಲೇ ಹೇಳಿಬಿಡುತ್ತಿದ್ದ. ಒಂದು ಹೂವಿನ ಹೆಸರು ಮಾತ್ರ ಅವನಿಗೆ ತಿಳಿದಿರಲಿಲ್ಲ.

ಅವನ ಹೆಂಡತಿ ರೋಶನಬಿ ಗೋಕಾಕದಲ್ಲೇ ನಡೆದ ಮದುವೆಗೆ ಬಂದಿಳಿದ ದಿನ ಮುಡಿದಿದ್ದ ಬಿಳಿ ಹೂ ಅದು. ಹುಕ್ಕೇರಿಯಾಚೆ ಗುಡ್ಡದ ಬುಡದ ಸಣ್ಣ ಊರು ಅವಳದು. ಮಳೆಯಲ್ಲಿ ತೊಯ್ದ ಚಕ್ಕಡಿಯಿಂದ ಅವಳು ಇಳಿದಾಗ ಸೆರಗಿನೊಳಗಿಂದ ಬಂದ ಆ ವಾಸನೆಗೆ ನಬಿಲಾಲ ನಿಂತಲ್ಲೇ ನಿಂತಿದ್ದ. ಯಾವ ಹೂ ಎಂದು ಕೇಳಿದ್ದಕ್ಕೆ, "ನಮ್ಮೂರಿಗೆ ಬರ್ರಿ, ತೋರಸ್ತೀನಿ," ಎಂದು ನಕ್ಕಿದ್ದಳು. ಹೋಗುವುದು ಆಗಲೇ ಇಲ್ಲ. ಅದೇ ವರ್ಷ ದೀಪಾವಳಿಯ ಹೊತ್ತಿಗೆ ಊರೂರಿಗೆ ಹಬ್ಬಿದ ಜ್ವರ ಅವಳನ್ನು ಒಯ್ದಿತು. ತವರಿನಲ್ಲಿ ಅವಳ ತಾಯಿತಂದೆಯೂ ಉಳಿಯಲಿಲ್ಲ.

ನಬಿಲಾಲ ಇನ್ನೊಂದು ಮದುವೆಯಾಗಲಿಲ್ಲ. ಚಳಿಗಾಲದಲ್ಲಿ ಎರಡು ಸಲ ಆ ಗುಡ್ಡ ಹತ್ತಿ ಬಂದ. ಕಂಡದ್ದು ಒಣಹುಲ್ಲು, ಬೋಳು ಬಂಡೆ. "ಬಿಳಿ ಹೂ ಅಂದ್ರ ಇದ ಏನು?" ಎಂದು ಯಾರೋ ಎಕ್ಕದ ಗಿಡ ತೋರಿಸಿ ನಕ್ಕರು. ಬೇಸಿಗೆಯೆಲ್ಲ ಊರೂರು ತಿರುಗಿ ಲಗ್ನದ ವ್ಯಾಪಾರ. ಮಳೆ ಹಿಡಿದು ಎರೆಮಣ್ಣಿನ ಹಾದಿ ಕೆಸರಾಗುವ ಮೊದಲೇ ಗೋಕಾಕ ಸೇರಿಬಿಡುತ್ತಿದ್ದ. ಹೀಗೆ ವರ್ಷಗಳು ಸರಿದು ಗಡ್ಡ ನರೆಯಿತು.

ಒಂದು ವರ್ಷ ಹುಕ್ಕೇರಿಯ ಲಗ್ನವೊಂದು ಮುಂದಕ್ಕೆ ಹೋಗಿ, ರೋಹಿಣಿ ಮಳೆ ಅವನನ್ನು ಅಲ್ಲೇ ಹಿಡಿಯಿತು. ಹಗಲೂ ಇರುಳೂ ಬಿಡದೆ ಸುರಿದು, ನಡುವೆ ಹೊಳವಾಗಿ, ಮತ್ತೆ ಸುರಿಯಿತು. ಒಂದು ಸಂಜೆ ಅವನು ಅತ್ತರದ ಪೆಟ್ಟಿಗೆ ಇಟ್ಟುಕೊಂಡು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಾಗ, ಕಟ್ಟಿಗೆ ಹೊರೆಯ ಹೆಣ್ಣುಮಗಳೊಬ್ಬಳು ಓಡಿಬಂದು ಅದೇ ಅಂಗಡಿಯ ತಗಡಿನ ಮಾಡಿನ ಕೆಳಗೆ ನಿಂತಳು. ಹೊರೆ ಇಳಿಸಿ ಸೆರಗು ಕೊಡವಿದಳು.

ವಾಸನೆ ತಾಗಿದ್ದೇ ನಬಿಲಾಲ ದಿಗ್ಗನೆ ಎದ್ದ. "ಅಕ್ಕಾ, ತಲ್ಯಾಗಿನ ಹೂ ಯಾವುದು?"

"ಏನಂದಿ? ಮುದುಕಾಗಾಕ ಬಂದೀ, ನಾಚಿಕಿ ಇಲ್ಲೇನ?"

ಮಂದಿ ತಿರುಗಿ ನೋಡಿದರು. ನಬಿಲಾಲ ಕೈ ಮುಗಿದ. "ತಪ್ಪ ತಿಳೀಬ್ಯಾಡ್ರಿ. ನನ್ನ ಹೇಣ್ತಿ ಲಗ್ನದಾಗ ಇದ ಹೂ ಮುಡದಿದ್ಲು. ಆಕಿ ಈಗಿಲ್ಲ. ಎಲ್ಲಿ ಹುಡುಕಿದ್ರೂ ನನಗ ಇದು ಸಿಕ್ಕಿಲ್ರಿ."

ಅವಳ ಹೆಸರು ಸತ್ತೆವ್ವ. "ಮುಡದ ಹೂ ಕೊಡಾಕ ಬರೂದಿಲ್ರಿ," ಎಂದಳು ಮೆತ್ತಗೆ. "ನಾಳಿ ಗುಡ್ಡಕ್ಕ ಬರ್ರಿ. ನಮ್ಮ ಮನಿಯವ್ರೂ ಇರ್ತಾರ. ನಾವು ಇದಕ್ಕ ಮಳಿಹೂ ಅಂತೀವಿ."

ಮರುದಿನ ಇಳಿಹೊತ್ತಿನಲ್ಲಿ ಸತ್ತೆವ್ವ, ಅವಳ ಗಂಡ ಪರಸಪ್ಪ ಮುಂದೆ, ನಬಿಲಾಲ ಹಿಂದೆ. ಹತ್ತುತ್ತ ಹತ್ತುತ್ತ ಅವನಿಗೆ ಗುರುತು ಸಿಕ್ಕಿತು: ಚಳಿಗಾಲದಲ್ಲಿ ತಾನು ಕೂತು ದಣಿವಾರಿಸಿಕೊಂಡ ಅದೇ ಹಾಸುಬಂಡೆ! ಈಗ ಬಂಡೆಯ ತಗ್ಗುಗಳಲ್ಲಿ, ಬೆರಳುದ್ದವೂ ಇಲ್ಲದ ಮಣ್ಣಿನಲ್ಲಿ ನೀರು ಜಿನುಗುತ್ತಿತ್ತು. ಹಾವಸೆಯ ನಡುವೆ, ಹುಲ್ಲಿನಂಥ ಎಲೆಗಳ ನಡುವೆ, ಆರೆಸಳಿನ ಬಿಳಿ ಹೂಗಳು ಸಂಜೆಗೆ ಬಿಚ್ಚಿಕೊಳ್ಳುತ್ತಿದ್ದವು. ನಟ್ಟನಡುವೆ ಒಂದೊಂದು ಸಣ್ಣ ಬಟ್ಟಲು.

ಪರಸಪ್ಪ ಕುಡಗೋಲಿನ ತುದಿಯಿಂದ ಒಂದು ಗಡ್ಡೆ ಎಬ್ಬಿಸಿ ತೋರಿಸಿದ. ಉಳ್ಳಾಗಡ್ಡಿಯ ಹಾಗಿತ್ತು. "ವರ್ಷೆಲ್ಲಾ ನೆಲದೊಳಗ ಇರ್ತೈತ್ರಿ ಸಾಬ್ರ. ಮಳಿ ಬಿದ್ದ ಮ್ಯಾಲ ನಾಕ ದಿನ ಹೂ, ಆಮ್ಯಾಲ ಇಲ್ಲ."

"ಗೋಕಾಕದಾಗ ಹಚ್ಚಿದ್ರ?"

"ನಿಮ್ಮ ಎರಿ ನೆಲದಾಗ ಕೊಳೀತೈತಿ. ಇದಕ್ಕ ಕಲ್ಲ ಬೇಕು."

ನಬಿಲಾಲ ಮಂಡಿಯೂರಿ ಹೂವಿಗೆ ಮೂಗು ಹಚ್ಚಿದ. ಅದೇ ವಾಸನೆ. ಆದರೂ ಪೂರಾ ಅದಲ್ಲ. ಏನೋ ಕಡಿಮೆ. ಕಣ್ಣು ಮುಚ್ಚಿ ಮತ್ತೆ ಎಳೆದುಕೊಂಡ. ಕೊಬ್ಬರಿ ಎಣ್ಣೆ ಹಚ್ಚಿದ ಕೂದಲು, ತೊಯ್ದ ಹೊಸ ಸೀರೆ, ಅವಳ ಕುತ್ತಿಗೆಯ ಬೆವರು; ಇಷ್ಟು ವರ್ಷ ಅದನ್ನೆಲ್ಲ ಕೂಡಿಸಿ ಹೂವೆಂದೇ ತಿಳಿದಿದ್ದ. ಅವನ ಹೆಗಲು ಅಲುಗಿತು. ಪರಸಪ್ಪ ಮುಖ ತಿರುಗಿಸಿ ಕಟ್ಟಿಗೆ ಕಡಿಯಲು ಹೋದ.

"ಅಕ್ಕಾ, ಕೆಳಗ ಕಾಣೂದು ನನ್ನ ಹೇಣ್ತಿ ತವರ. ಅಲ್ಲಿಯವ್ರೂ ಇಲ್ಲಿಗೆ ಬರ್ತಾರೇನ್ರಿ?" ಎಂದು ಕೇಳಿದ, ಆಮೇಲೆ.

"ಹೂಂ. ಅಲ್ಲಿ ಹುಡಿಗ್ಯಾರು ಲಗ್ನದ ಹಿಂದಿನ ದಿನ ಇಲ್ಲಿಗೇ ಹತ್ತಿ ಬರ್ತಾರ."

ಹಾಗಾದರೆ ರೋಶನಬಿಯೂ ಬಂದಿದ್ದಳು. ಇದೇ ಜಾರುವ ಬಂಡೆಯ ಮೇಲೆ ಬರಿಗಾಲಲ್ಲಿ ಬಗ್ಗಿ ನಡೆದು, ಇನ್ನೂ ನೋಡದ ಗಂಡನಿಗಾಗಿ ಹೂ ಹರಿದಿದ್ದಳು. ನಬಿಲಾಲ ಒಂದೂ ಹೂ ಹರಿಯಲಿಲ್ಲ. ಸತ್ತೆವ್ವ ಕರೆಯುವವರೆಗೂ ಅಲ್ಲೇ ಕೂತಿದ್ದ.

ಮರುವರ್ಷ ಲಗ್ನದ ವ್ಯಾಪಾರ ಅರ್ಧಕ್ಕೇ ಬಿಟ್ಟು ಹುಕ್ಕೇರಿಗೆ ಬಂದು, ಪರಸಪ್ಪನ ಪಡಸಾಲೆಯಲ್ಲಿ ಇಳಿದುಕೊಂಡ. ಆ ವರ್ಷ ರೋಹಿಣಿ ಹುಸಿಹೋಯಿತು.

"ಮೋಡನ ಇಲ್ಲಲ್ರಿ ಸಾಬ್ರ. ಮನ್ಯಾಗ ಕೆಲಸ ಇರಬೇಕು, ಹೋಗಿ ಬರ್ರಿ. ಮಳಿ ಆದ್ರ ಹೇಳಿ ಕಳಸ್ತೀನಿ," ಎಂದ ಪರಸಪ್ಪ.

"ಹೇಳಿ ಕಳಿಸೂದ್ರಾಗ ಹೂ ಬಾಡಿ ಹೋಗ್ತಾವ," ಎಂದ ನಬಿಲಾಲ. ಅಂಗಳಕ್ಕೆ ಬಂದು, ಗುಡ್ಡದ ಕಡೆಯ ಆಕಾಶ ನೋಡುತ್ತ ನಿಂತ.