ಹುಸೇನಮ್ಮನ ಮುಚ್ಚಿದ ಕದ

ಸೆರಗಿನ ತುದಿ ಆಗಲೇ ಹಣೆಗೆ ಹೋಗಿತ್ತು, ಕೆಲಸ ಮುಗಿಸಿ ಬರುವಾಗ ಶಿವಾಜಿನಗರದ ಓಣಿಯ ತಿರುವಿನಲ್ಲಿ ಬೇಕರಿಯ ಬನ್ನಿನ ವಾಸನೆ ಮೂಗಿಗೆ ಬಡಿದರೆ ಸಾಕು, ಹುಸೇನಮ್ಮನ ಕೈ ತಾನಾಗಿ ಕುಂಕುಮ ಒರೆಸುತ್ತದೆ, ಎರಡು ವರ್ಷದ ಅಭ್ಯಾಸ — ಇನ್ನು ಯಾರಿಗೆ ಹೆದರಿ ಒರೆಸೋದು, ಮನೆಯ ಓನರಮ್ಮ ಶರ್ಫುನ್ನೀಸಾಳನ್ನು ಮಣ್ಣಿಗಿಟ್ಟು ಹನ್ನೊಂದು ದಿನ, ಬದುಕಿದ್ದಾಗಲೂ ಹೆದರಬೇಕಿರಲಿಲ್ಲವಂತೆ, ಬೆಳಿಗ್ಗೆ ಅವಳ ಸೊಸೆ ನಾಜಿಶ್ ಎಷ್ಟು ಹಗುರವಾಗಿ ಹೇಳಿಬಿಟ್ಟಳು, ಅಮ್ಮಿಗೆ ಮೊದಲ ದಿನಾನೇ ಗೊತ್ತಿತ್ತಲ್ಲಾ ಅಕ್ಕಾ, ನೀವು ಹಿಂದೂ ಅಂತ. ಜೀವನ್ ಬಿಮಾ ನಗರದ ಕೆಲಸದ ಮನೆಯಲ್ಲಿ ಚಪಾತಿ ಬೇಯಿಸುವಾಗಲೂ ಅದೇ ಮಾತು, ಒಂದು ಸೀದೇ ಹೋಯಿತು, ಮೇಡಮ್ಮು ಏನಾಯ್ತು ಹುಸೇನಮ್ಮ ಅಂದರು, ಏನಿಲ್ರಿ ಅಂದು ಇನ್ನೊಂದು ಲಟ್ಟಿಸಿದಳು.

ಹೆಸರಿಟ್ಟವಳು ಅವ್ವ, ಮೂರು ಕೂಸು ಕೈಗೆ ದಕ್ಕದೆ ಹೋದ ಮೇಲೆ ಮೊಹರಮ್ಮಿನಲ್ಲಿ ಅಲಾಯಿ ದೇವರು ಹುಸೇನನಿಗೆ ಹರಕೆ ಹೊತ್ತು, ಇದೊಂದು ಉಳಿದರ ನಿನ್ನ ಹೆಸರ ಇಡ್ತೀನಿ ಅಂದಳಂತೆ, ಲಿಂಗಸುಗೂರಿನ ಕಡೆ ಹಿಂದೂಗಳಲ್ಲೂ ಓಣಿಗೊಬ್ಬ ಹುಸೇನಪ್ಪ, ಯಾರೂ ತಿರುಗಿ ನೋಡುವುದಿಲ್ಲ, ಬೆಂಗಳೂರೇ ಬೇರೆ — ಹಲಸೂರಿನಲ್ಲಿ ಕೀಲಿ ಕೈಗಿಡುವ ಹೊತ್ತಿಗೆ ಹೆಸರು ಕೇಳಿದ ಓನರು ಹಣೆಯ ಕುಂಕುಮವನ್ನೂ ಲೆಕ್ಕಿಸದೆ, ಅಯ್ಯೋ ರೂಮು ಬೇರೆಯವರಿಗೆ ಕೊಟ್ಬಿಟ್ಟಿದೀವಮ್ಮ ಅಂದ, ಅದಕ್ಕೇ ಗಂಡ ಬಿಟ್ಟುಹೋದಾಗಲೂ ಬಿಡದ ಕುಂಕುಮವನ್ನು ಶಿವಾಜಿನಗರಕ್ಕೆ ರೂಮು ಕೇಳಲು ಬರುವಾಗ ಹೆಸರಿಗೆ ಹೊಂದುವ ಹಾಗೆ ಉಜ್ಜಿ ಒರೆಸಿಕೊಂಡು ಬಂದಳು. ಹೆಸರು ಕೇಳಿದ ಮುದುಕಿ ಓನರಮ್ಮ ಹಣೆಯನ್ನೇ ದಿಟ್ಟಿಸಿದಳು, ತುಟಿ ಬಿಗಿದೇ ಕೀಲಿ ಕೊಟ್ಟಳು, ಒಂದು ನಗೆಯಿಲ್ಲ, ಸೊಕ್ಕಿನವಳು, ಗೊತ್ತಾದ ದಿನ ಪಾತ್ರೆ ಪಡಗ ಬೀದಿಗೆ ಎಸೆಯುತ್ತಾಳೆ ಅಂದುಕೊಂಡಳು, ಅಂದಿನಿಂದ ಎಲ್ಲಮ್ಮನ ಪಟ ಅಕ್ಕಿ ಡಬ್ಬಿಯಲ್ಲಿ, ಕದ ಬಡಿದರೆ ನಿದ್ದೆಯ ನಾಟಕ, ಈದ್ ಹಬ್ಬದ ಪಾಯಸ ತಂದ ನಾಜಿಶ್‌ಗೆ ಒಳಗಿನಿಂದಲೇ ಹೊಟ್ಟೆ ಸರಿ ಇಲ್ಲ ಅನ್ನೋದು, ಎರಡು ವರ್ಷ, ನೆರೆಯವರ ಜೊತೆ ಒಂದು ಲೋಟ ಚಹಾ ಕುಡಿಯಲಿಲ್ಲ, ಭಾನುವಾರಗಳಲ್ಲಿ ತನ್ನ ದನಿ ತನಗೇ ಮರೆತುಹೋಗುತ್ತಿತ್ತು.

ನಗ್ತಿರ್ಲಿಲ್ಲ ಅಂದ್ರೆ ಅಕ್ಕಾ, ಅಂದಿದ್ದಳು ನಾಜಿಶ್ ಬೆಳಿಗ್ಗೆ, ಮುಂದಿನ ಹಲ್ಲು ಬಿದ್ದಿತ್ತಲ್ಲ, ಹೊಸಬರ ಮುಂದೆ ನಾಚಿಕೆ ಅಮ್ಮಿಗೆ, ಅಷ್ಟೇ — ಮೊದಲ ದಿನ ನಿಮ್ಮ ಹಣೆ ಮೇಲೆ ಒರೆಸಿದ ಕುಂಕುಮದ ಕೆಂಪು ಹಾಗೇ ಇತ್ತಂತೆ, ಅವರದೂ ನಿಮ್ಮ ಕಡೆಯದೇ ಊರು, ಮದುವೆಯಾಗಿ ಬಂದಮೇಲೆ ಹೋಗೇ ಇಲ್ಲ, ಹುಸೇನಮ್ಮ ಅಂದ್ರೆ ನಮ್ಮೂರ ಕಡೆ ಹೆಸರು ನಾಜಿಶ್, ನಮ್ಮೂರ ಕಡೆ ಹೆಸರು ಅಂತ ಎಷ್ಟು ಸಲ ಅಂದ್ರೋ, ಊರ ಮಾತು ಆಡಬೇಕು ಅಂತ ಆಸೆ, ನೀವು ಮಾತ್ರ ನಮ್ಮ ಮನೆ ನೀರೂ ಮುಟ್ಟಲ್ಲ, ಮಡಿ ಜಾಸ್ತಿ ಏನೋ ಅಂತ ನಾವೇ ಸುಮ್ಮನಾದ್ವಿ. ಮಡಿಯಂತೆ, ತನಗೆ ಮಡಿಯಂತೆ, ಹುಸೇನಮ್ಮನಿಗೆ ನಗು ಬಂತು, ಊರಿನ ಮಾತು ಕೇಳುವವರು ಇಲ್ಲ ಅಂತ ಒಳಗೆ ಇವಳು ಅತ್ತಿದ್ದಾಳೆ, ಗೋಡೆಯಾಚೆ ಮುದುಕಿಯೂ ಅದಕ್ಕೇ ಕಾದಿದ್ದಳು. ಸಂಜೆ ಅಂಗಳದಲ್ಲಿ ಎರಡು ಕುರ್ಚಿ ಹಾಕಿಸ್ತಿದ್ರು ಅಕ್ಕಾ, ಒಂದು ನಿಮಗೆ ಅಂತ — ಹೌದು, ಕದದ ಸಂದಿನಿಂದ ನೋಡಿದ್ದಾಳೆ, ಎಷ್ಟೋ ಸಂಜೆ ನೋಡಿದ್ದಾಳೆ, ಮುದುಕಿ ಇತ್ತಲೇ ಮುಖಮಾಡಿ ಪಕ್ಕದ ಖಾಲಿ ಕುರ್ಚಿಯನ್ನು ಅಂಗೈಯಿಂದ ತಟ್ಟುತ್ತಿದ್ದಳು, ಅರುಳುಮರುಳು ಅಂದುಕೊಂಡಿದ್ದಳು ಇವಳು, ತಟ್ಟುತ್ತಿದ್ದಳು, ಸಂದಿನಲ್ಲಿ ಕಣ್ಣಿರುವುದು ಅವಳಿಗೆ ಕಾಣುತ್ತಿತ್ತು, ಬಾ ಕೂತ್ಕೋ ಅಂತ ತಟ್ಟುತ್ತಿದ್ದಳು, ಖಾಲಿ ಕುರ್ಚಿಯ ಮೇಲೆ ಆ ಕೈ, ಕರೆಯುತ್ತಲೇ ಇದ್ದ ಆ ಕೈ.