ಹಕೀಮ ಬುಖಾರಖಾನನ ಎಡಗೈ

ಅಪ್ಪನ ತಾಯಿ ದಾದಿಮಾ ಬರುವುದರೊಳಗೆ ಎಲ್ಲ ತೆಗೆದುಬಿಡಬೇಕೆಂದು ಅರ್ಜುಮಂದ ಮೊಣಕಾಲೂರಿ ಕೂತು ಚಾದರದ ಮೇಲಿನ ಆಟದ ರಾಜ್ಯವನ್ನು ಬಾಚುತ್ತಿದ್ದಳು. ಬೆಂಕಿಪೊಟ್ಟಣದ ಕೋಟೆ, ಅಂಗಿಗುಂಡಿಗಳ ಸೈನ್ಯ, ಅರಳೆಯ ಮೋಡ, ದಾಳ, ಎಲ್ಲವೂ ಬಿಸ್ಕತ್ತಿನ ಡಬ್ಬಿಗೆ ಬಿದ್ದವು. ಒಳಕೋಣೆಯಲ್ಲಿ ಅವಳ ಅಪ್ಪ ಜಮಾಲಸಾಬನ ಶವವನ್ನು ಮಲಗಿಸಿದ್ದರು. ನಿನ್ನೆ ಸಂಜೆ ಇದೇ ಚಾದರದ ಪಕ್ಕ ಕೂತು ಮನೆಮಂದಿಯನ್ನೆಲ್ಲ ನಗಿಸಿದ್ದ ಮನುಷ್ಯ.

“ದಾಳ ಕಾಣಸಬಾರದು ನೋಡು,” ಎಂದಳು ತಾಯಿ ಗೌಹರಬೇಗಂ. ಅತ್ತು ಅತ್ತು ಅವಳ ದನಿ ಒಡೆದಿತ್ತು. “ಜೂಜಾಡ್ಕೋತ ಕುಂತಿದ್ರು ಅಂತಾರ ಮಂದಿ.”

“ಜೂಜಲ್ಲ ಅಮ್ಮಿ ಅದು.”

“ನನಗ ಗೊತ್ತದ. ಮಂದಿಗೆ ಗೊತ್ತೇನು?”

ಸುರಪುರದ ಆ ಓಣಿಯ ಮಂದಿಗೆ ಜಮಾಲಸಾಬನ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಗಾದಿ ಹೊಲಿಯುತ್ತಾನೆ, ಬಾಯಿ ಬಿಡುವುದಿಲ್ಲ. ಊರಿನ ಅರ್ಧ ಮದುವೆಗಳ ಗಾದಿ ಅವನ ಕೈಯಲ್ಲೇ ಆದವು. ಆ ಮದುವೆಗಳಲ್ಲಿ ಊಟಕ್ಕೆ ಕೂತರೂ ಪಕ್ಕದವನಿಗೆ ಅವನು ಯಾರೆಂದು ತಿಳಿಯುತ್ತಿರಲಿಲ್ಲ.

* * *

ಅರ್ಜುಮಂದ ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದುತ್ತಾಳೆ. ಹಾಸ್ಟೆಲಿನಲ್ಲಿ ಗೆಳತಿಯರು ಆಡುತ್ತಿದ್ದ ಆಟವೊಂದನ್ನು ಅವಳು ರಜೆಯಲ್ಲಿ ಮನೆಗೆ ತಂದಳು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಆ ಪಾತ್ರದ ಬಾಯಿಂದಲೇ ಮಾತಾಡುತ್ತ ಕತೆ ಬೆಳೆಸಬೇಕು. ಮಾಡಹೊರಟದ್ದು ಆಯಿತೋ ಕೆಟ್ಟಿತೋ ಎಂಬುದನ್ನು ದಾಳ ಹೇಳುತ್ತದೆ. ಗೌಹರಬೇಗಂ ಆಡು ಕದಿಯುವ ರಾಣಿಯಾದಳು. ಅಪ್ಪನ ಜೊತೆ ಅಂಗಡಿಯಲ್ಲಿ ಹೊಲಿಯುವ ಅಣ್ಣ ಮುಜಫರ ಮಾತಾಡುವ ಒಂಟೆಯಾದ. ಕತೆ ನಡೆಸುವವಳು ಅರ್ಜುಮಂದ.

ಜಮಾಲಸಾಬ ಮೊದಲೆಲ್ಲ ಗೋಡೆಗೆ ಒರಗಿ ನೋಡುತ್ತಿದ್ದ. ಒಂದು ಸಂಜೆ ಒಂಟೆಗೆ ಹೊಟ್ಟೆನೋವು ಬಂದಾಗ ಮೂಗಿನಿಂದ ಎಳೆದೆಳೆದು ಒಂದು ದನಿ ಕೇಳಿಸಿತು.

“ಹಕೀಮ ಬುಖಾರಖಾನ ಹಾಜರ್! ಒಂಟಿ ನಾಲಿಗಿ ತೋರಸಲಿ. ಅಯ್ಯಯ್ಯ, ಇದು ಸುಳ್ಳ್ ಹೇಳೂ ರೋಗ. ಮೂರು ಹೊತ್ತು ಗುಲ್ಕನ್!”

ಮುಜಫರ ಬಾಯಿ ತೆರೆದವನು ಮುಚ್ಚಲಿಲ್ಲ. “ಇಷ್ಟು ವರ್ಷ ಈ ಗಂಡಸನ್ನ ಎಲ್ಲಿ ಮುಚ್ಚಿಟ್ಟಿದ್ರಿ?” ಎಂದು ಗೌಹರಬೇಗಂ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಹಾಗೆ ಕೇಳಿದ ತಪ್ಪಿಗೆ ಅವಳೇ ಎದ್ದು ಚಹಾ ಮಾಡಬೇಕಾಯಿತು. ಆ ಮನೆಯ ಕಾನೂನು ಅದು. ಪಾತ್ರ ಬಿಟ್ಟು ತನ್ನ ಸ್ವಂತ ಮಾತಾಡಿದವರು ಸೋತಂತೆ. ಅವರು ಒಲೆ ಹಚ್ಚಬೇಕು.

ಹಕೀಮ ಒಮ್ಮೆಯೂ ಸೋಲಲಿಲ್ಲ. ಅವನಿಗೆ ಎಂಥ ಮಾತೂ ಸಲೀಸು. ಒಂಟೆಯ ಹೊಲಿಗೆ ತನ್ನದಕ್ಕಿಂತ ನೆಟ್ಟಗಿದೆ ಎಂದ. ರಾಣಿಯ ಕೈರೊಟ್ಟಿ ತಿಂದವನಿಗೆ ಸ್ವರ್ಗವೂ ಸಪ್ಪೆ ಎಂದ. ಜಮಾಲಸಾಬ ತನ್ನ ಜನ್ಮದಲ್ಲಿ ಆಡದ ಮಾತುಗಳು ಅವು.

ಈ ಸಲದ ರಜೆಯಲ್ಲಿ ಹಕೀಮನಿಗೇ ಕಾಯಿಲೆ ಬಂತು.

“ಹಕೀಮನ ಎಡಗೈ ಜೋಮು ಹಿಡದದ. ಎದಿ ಮ್ಯಾಲ ಯಾರೋ ತೊಯ್ದ ಗಾದಿ ಹೇರ್ಯಾರ,” ಎಂದು ಮೂಗಿನ ದನಿಯಲ್ಲಿ ರಾಗ ಎಳೆದ.

“ಗುಲ್ಕನ್ ತಿನ್ರಿ!” ಎಂದು ಎಲ್ಲರೂ ಕೂಗಿದರು.

ಮರುಸಂಜೆಯೂ ಅದನ್ನೇ ಹೇಳಿದ. ಅದರ ಮರುಸಂಜೆಯೂ. ಅಪ್ಪನ ನಗೆಚಾಟಿಕೆ ಸವಕಲಾಯಿತಲ್ಲ ಎಂದು ಅರ್ಜುಮಂದಳಿಗೆ ಒಳಗೊಳಗೆ ಬೇಸರವೂ ಆಗಿತ್ತು.

* * *

ಜೈತುನಬೀ ದಾದಿಮಾ ಯಾದಗಿರಿಯಿಂದ ದೊಡ್ಡ ಮಗನ ಜೊತೆ ಜೀಪಿನಲ್ಲಿ ಬಂದಿಳಿದಳು. ಸತ್ತ ಮಗನ ಮುಖ ನೋಡಿದಳು, ಅಳಲಿಲ್ಲ, ಗೋಡೆ ಹಿಡಿದು ಕೂತಳು. ಹೊರಗೆ ಗಂಡಸರು ಸ್ನಾನ ಮಾಡಿಸಲು ಪರದೆ ಕಟ್ಟುತ್ತಿದ್ದರು.

ಕುರ್ಚಿ ತರಲು ಬಾಗಿಲಿಗೆ ಹೋದ ಅರ್ಜುಮಂದಳನ್ನು ಅರಳೆ ವ್ಯಾಪಾರಿ ಖಂಡಪ್ಪ ತಡೆದ. ಬೆಳಿಗ್ಗೆ ಪೂಜೆಗೆ ಹಚ್ಚಿಕೊಂಡ ವಿಭೂತಿ ಬೆವರಿಗೆ ಇಳಿದಿತ್ತು.

“ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡವ್ವ. ಡಾಕ್ಟರಿಗೆ ತೋರಿಸಿದ್ರೋ ಇಲ್ಲೋ?”

“ಏನ್ ತೋರಸೂದ್ರಿ? ಏನೂ ಇದ್ದಿಲ್ಲ ಅಬ್ಬಾಗ.”

“ಇದ್ದಿಲ್ಲ? ಅರಳಿ ಒಯ್ಯಾಕ ಬಂದಾಗ ನನ್ನ ಅಂಗಡ್ಯಾಗ ಮ್ಯಾಲಿಂದ ಮ್ಯಾಲ ಎಡಗೈ ತಿಕ್ಕೋತ ಕೂಡತಿದ್ದ. ಯಾಕೋ ಜಮಾಲಾ, ಮನ್ಯಾಗರೆ ಹೇಳೋ ಮಾರಾಯ ಅಂದೆ. ‘ಹೇಳೀನಿ, ದಿನಾ ಹೇಳಾಕತ್ತೇನಿ’ ಅಂದ. ನಾನೂ ಸುಮ್ಮನಾದೆ.”

ಅರ್ಜುಮಂದ ಕುರ್ಚಿಯನ್ನು ಎತ್ತಿದ್ದವಳು ಅಲ್ಲೇ ಇಟ್ಟಳು. ಹೌದು, ಹೇಳಿದ್ದ. ದಿನಾ ಹೇಳಿದ್ದ. ಹೇಳಲು ಅವನಿಗೆ ಇದ್ದದ್ದು ಹಕೀಮನ ಅದೊಂದೇ ಬಾಯಿ.

* * *

ನಿನ್ನೆ ಸಂಜೆಯೂ ಹಕೀಮ ಎದೆ ಹಿಡಿದುಕೊಂಡೇ ಕೂತಿದ್ದ.

“ಹಕೀಮಸಾಬ್, ದಾಳ ಹಾಕ್ರಿ,” ಎಂದಿದ್ದಳು ಅರ್ಜುಮಂದ. “ಆರು ಬಿದ್ರ ರೋಗ ವಾಸಿ.”

ಅವನು ದಾಳವನ್ನು ಅಂಗೈಯಲ್ಲಿ ಬಹಳ ಹೊತ್ತು ಇಟ್ಟುಕೊಂಡ. ಹಾಕಿದ. ಆರು ಬಿತ್ತು. ಮುಜಫರ ಒಂಟೆಯಂತೆ ಅರಚಿದ, ರಾಣಿ ಚಪ್ಪಾಳೆ ಹೊಡೆದಳು. ನಗೆಯೆಲ್ಲ ಮುಗಿಯುವ ತನಕ ಜಮಾಲಸಾಬ ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಮೂಗಿನ ದನಿ ಬಿಟ್ಟು, ಮೆಲ್ಲಗೆ, ತನ್ನದೇ ದನಿಯಲ್ಲಿ ಹೇಳಿದ:

“ಚಹಾ ನಾ ಮಾಡ್ತೀನಿ.”

“ಸೋತ! ಅಬ್ಬಾ ಸೋತ!” ಮೂವರೂ ಕುಣಿದರು. ಹಕೀಮನನ್ನು ಸೋಲಿಸಿದ್ದು ಅದೇ ಮೊದಲು.

ಅವನು ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಹೋದ. ಪಾತ್ರೆ ಇಟ್ಟ ಸದ್ದು ಕೇಳಿತು, ನೀರು ಸುರಿದ ಸದ್ದು. ಆಮೇಲೆ ದೊಪ್ಪೆಂದಿತು.

“ಒಳಗ ಹೋದ್ರೂ ನಾಟಕ ಬಿಡವಲ್ರು,” ಎಂದು ಗೌಹರಬೇಗಂ ನಕ್ಕಳು. “ಹಕೀಮಗ ಗುಲ್ಕನ್ ತರ್ರಿ!” ಎಂದು ಒಂಟೆ ಕೂಗಿತು. ಹಿಂದಿನ ವಾರ ಕೂಡ ಅವನು ಸತ್ತಂತೆ ಬಿದ್ದು ಎಲ್ಲರನ್ನೂ ಹೆದರಿಸಿದ್ದ. ಅದಕ್ಕೇ ಅವರು ಏಳಲಿಲ್ಲ. ಎಷ್ಟು ಹೊತ್ತಾದರೂ ಚಹಾದ ವಾಸನೆ ಬರಲಿಲ್ಲವೆಂದು ಅರ್ಜುಮಂದ ಎದ್ದಳು.

* * *

ಮಣ್ಣು ಕೊಟ್ಟು ಗಂಡಸರು ಹಿಂತಿರುಗಿದರು. ಮುಜಫರನ ಉಗುರಿನ ಸಂದಿಯಲ್ಲಿ ಮಣ್ಣು ಹಾಗೇ ಇತ್ತು. ಪಕ್ಕದ ಮನೆಯ ಚಮನಬೀ ಊಟ ತಂದಿಟ್ಟು ಹೋದಳು, ಯಾರೂ ಮುಟ್ಟಲಿಲ್ಲ. ದಾದಿಮಾಳ ದೊಡ್ಡ ಮಗ ಮಸೀದಿಗೆ ಹೋಗಿದ್ದ; ಮನೆಯಲ್ಲಿ ಉಳಿದದ್ದು ಮೂವರು ಮತ್ತು ದಾದಿಮಾ.

“ಒಂದ ಹೇಳ್ರಿ ನನಗ,” ಎಂದಳು ಜೈತುನಬೀ. ಬಂದಾಗಿನಿಂದ ಅವಳು ಆಡಿದ ಮೊದಲ ಮಾತು. “ನನ್ನ ಮಗನ ಬಾಯಾಗ ಕಡೀಕ ಅಲ್ಲಾನ ಹೆಸರು, ಕಲ್ಮಾ ಬಂತೇನು? ಅದೊಂದು ಗೊತ್ತಾದ್ರ ನಾ ಕಣ್ಣು ಮುಚ್ತೀನಿ.”

ತಾವು ನಗುತ್ತ ಕೂತಿದ್ದೆವು, ಎದ್ದು ನೋಡುವಾಗ ಉಸಿರೇ ಇರಲಿಲ್ಲ ಎಂಬ ನಿಜವನ್ನು ಅರ್ಜುಮಂದ ಹೇಳಬೇಕೆಂದೇ ಇದ್ದಳು. ಹೇಳಬೇಕು, ದಾದಿಮಾ ಎದ್ದು ಕೆನ್ನೆಗೆ ಹೊಡೆಯಬೇಕು, ಆಗಲಾದರೂ ಎದೆಯ ಮೇಲಿನ ಭಾರ ಇಳಿಯಬಹುದು ಎಂದು ಬೆಳಿಗ್ಗೆಯಿಂದ ಕಾದಿದ್ದಳು.

“ಬಂತು ದಾದಿಮಾ,” ಎಂದ ಮುಜಫರ.

“ಚಂದಾಗಿ ಓದಿದ್ರು,” ಎಂದಳು ಗೌಹರಬೇಗಂ. “ನನ್ನ ತೊಡಿ ಮ್ಯಾಲ ತಲಿ ಇಟ್ಟು.”

ಮುದುಕಿ ಮೊಮ್ಮಗಳ ಗದ್ದ ಹಿಡಿದು ಎತ್ತಿದಳು. “ನೀ ಹೇಳವ್ವ. ನೀ ಕಲ್ತಾಕಿ, ನನ್ನ ಮುಂದ ಸುಳ್ಳಾಡೂದಿಲ್ಲ.”

ತಾಯಿ ನೋಡುತ್ತಿದ್ದಳು. ಅಣ್ಣ ನೋಡುತ್ತಿದ್ದ.

“ಹೌದು ದಾದಿಮಾ,” ಎಂದಳು ಅರ್ಜುಮಂದ. “ಸಣ್ಣ ದನೀಲೆ ಓದಿದ್ರು. ನಾ ಕೇಳೀನಿ.”

ಜೈತುನಬೀ ಕಣ್ಣು ಮುಚ್ಚಿ ಎರಡೂ ಕೈಗಳಿಂದ ಮುಖ ಸವರಿಕೊಂಡಳು. ಆಗ ಅವಳಿಗೆ ಅಳು ಬಂತು. ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು, “ಗಂಟಲ ಒಣಗ್ಯಾದ,” ಎಂದಳು. “ಯಾರರೆ ಒಂದು ಗುಟುಕು ಚಹಾ ಮಾಡ್ರೆವ್ವ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏಳಲಿಲ್ಲ.

ತೆರೆದ ಬಾಗಿಲಿನಾಚೆ ಅಡುಗೆಮನೆ ಕಾಣುತ್ತಿತ್ತು. ನಿನ್ನೆ ಅವನನ್ನು ಎತ್ತಿ ತಂದ ಮೇಲೆ ಅಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಹಚ್ಚದ ಒಲೆಯ ಮೇಲೆ ಅವನು ಇಟ್ಟ ಪಾತ್ರೆಯಿತ್ತು, ನಾಲ್ವರಿಗೆ ಆಗುವಷ್ಟು ನೀರಿತ್ತು. ಅವನ ಕೈಯಿಂದ ಚೆಲ್ಲಿದ ಸಕ್ಕರೆಗೆ ಇರುವೆ ಮುತ್ತಿದ್ದವು.