ಎಉವಾದ ಹಡಗು ಬರುವವರೆಗೆ

ಮಣ್ಣಿಗೆ ಬಂದಿದ್ದವರೆಲ್ಲ ಮನೆಯಿಂದ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ಲವೀನಿಯಾ ಚಹಾಕ್ಕೆ ನೀರಿಟ್ಟಳು. ನೀರು ಕುದಿಯುವ ಸದ್ದಿನೊಳಗಿಂದ ಆಸ್ಪತ್ರೆಯ ಡಾಕ್ಟರು ನೆನಪಾಗಿ ಮತ್ತೆ ಕೇಳಿದರು: “ಏನು ಮಾಡೋಣ, ಹೇಳಮ್ಮ?”

ಗಂಡ ಕಿಲಿಫಿಯ ಕಾಲಿಗೆ ಹವಳದ ಕಲ್ಲು ಕೊಯ್ದು ನಂಜೇರಿತ್ತು. ನುಕುಅಲೋಫಾದ ಆಸ್ಪತ್ರೆ ಸೇರುವಷ್ಟರಲ್ಲಿ ಎಚ್ಚರವಿರಲಿಲ್ಲ. ಕಾಲು ತೆಗೆದರೆ ಉಳಿಯಬಹುದು, ಅವನನ್ನು ಕೇಳುವಂತಿಲ್ಲ, ಹೆಂಡತಿ ಒಪ್ಪಿದರೆ ಸಾಕು ಎಂದರು ಡಾಕ್ಟರು. ಲವೀನಿಯಾ ಜೀವಶಾಸ್ತ್ರ ಓದಿದವಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಂದ ಬಂದದ್ದು ಬೇರೆ: “ಅವರ ಸೋದರತ್ತೆ ಬರಲಿ.”

ಟೊಂಗಾದ ಯಾವ ಮನೆಯಲ್ಲೂ ಸೋದರತ್ತೆಯನ್ನು ಮೀರಿ ಏನೂ ನಡೆಯುವುದಿಲ್ಲ. ಅಂಥ ಒಪ್ಪಿಗೆಯನ್ನು ಫೋನಿನಲ್ಲಿ ಕೇಳುವುದೂ ಇಲ್ಲ. ಎದುರು ಕೂತು, ತಲೆ ತಗ್ಗಿಸಿ ಕೇಳಬೇಕು. ಕಾಲು ತೆಗೆಯಬೇಕಂತೆ ಎಂಬ ಸುದ್ದಿಯನ್ನಷ್ಟೇ ಹೇಳಿಕಳಿಸಿದಳು. ಕಡಲು ಕೆರಳಿ, ಸೋದರತ್ತೆಯಿದ್ದ ಎಉವಾ ದ್ವೀಪದ ಹಡಗು ಆ ದಿನ ಹೊರಡಲಿಲ್ಲ. ಮರುದಿನ ಫಾತಾಯ್ ಅತ್ತೆ ಬಂದು “ತೆಗೀರಿ” ಎನ್ನುವ ಹೊತ್ತಿಗೆ ನಂಜು ಮೈಯೆಲ್ಲ ಹಬ್ಬಿಯಾಗಿತ್ತು. ಎರಡೂ ಕಾಲುಗಳೊಡನೆ ಅವನನ್ನು ಹೂಳಿದರು. ಅಂದಿನಿಂದ ಅತ್ತೆ ಲವೀನಿಯಾಳೊಡನೆ ಒಂದು ಮಾತೂ ಆಡಿರಲಿಲ್ಲ.

ಚಹಾ ಆರಿಹೋಯಿತು. ಚರ್ಚಿನ ಹಬ್ಬಕ್ಕೆಂದು ಕಿಲಿಫಿ ಅತ್ತೆಯಿಂದ ಎರವಲು ತಂದಿದ್ದ, ಸೊಂಟಕ್ಕೆ ಕಟ್ಟುವ ಚಾಪೆ ಬಾಗಿಲ ಹಿಂದೆ ಸುತ್ತಿಟ್ಟಂತೆಯೇ ಇತ್ತು. ಅತ್ತೆ ಇಂದೇ ಹಡಗು ಹತ್ತುವವರು. ಎತ್ತಿಕೊಂಡು ಹೊರಟಳು.

ಧಕ್ಕೆಯಲ್ಲಿ ಅತ್ತೆ ಗಂಟಿನ ಮೇಲೆ ಕೂತು ಸುಟ್ಟ ಗೆಣಸು ತಿನ್ನುತ್ತಿದ್ದರು.

“ಬಾರೇ. ಹಂಚಿಕಡ್ಡಿ ಆಗಿದೀಯಲ್ಲ. ಕೂದಲು ಯಾರು ಕತ್ತರಿಸಿದ್ದು? ಮೇಕೆ ಮೇಯ್ದ ಹಾಗಿದೆ.”

“ನೀವೇ ಅತ್ತೆ, ಮಣ್ಣಿನ ದಿನ, ಸೂತಕದ ಪದ್ಧತಿಗೆ.”

“ಹೌದಾ? ಕೈ ನಡುಗ್ತಿತ್ತು ಅವತ್ತು.” ಗೆಣಸಿನ ಸಿಪ್ಪೆಯನ್ನು ನೀರಿಗೆ ಎಸೆದರು. “ನೀನು ಯಾಕೆ ಫೋನ್ ಮಾಡಲಿಲ್ಲ?”

“ನಿಮ್ಮನ್ನ ಫೋನಲ್ಲಿ ಹೇಗೆ ಕೇಳಲಿ?” ಎಂದವಳು, ಕೇಳಬಾರದ್ದನ್ನೂ ಕೇಳಿಬಿಟ್ಟಳು: “ನೀವ್ಯಾಕೆ ಮಾಡಲಿಲ್ಲ ಅತ್ತೆ?”

ಅತ್ತೆ ಸಿಟ್ಟಾಗಲಿಲ್ಲ. “ಸುದ್ದಿ ಬಂದಾಗಿಂದ ಫೋನು ಮಡಿಲಲ್ಲೇ ಇತ್ತು ಕಣೇ. ಕಾಲು ಹೋದ್ರೆ ಹೋಗ್ಲಿ, ಹುಡುಗ ಉಳೀಲಿ ಅನ್ನೋಣ ಅಂತ ಎಷ್ಟು ಸಲ ಎತ್ತಿದೆ. ಹೆಂಡತಿ ಇದಾಳೆ, ಓದಿದವಳು, ಮುದುಕಿ ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ ಅಂತ ಮತ್ತೆ ಕೆಳಗಿಟ್ಟೆ.”

ಇಬ್ಬರ ನಡುವೆ ಕಿಲಿಫಿ ಮಲಗಿರುವಂತೆ ಲವೀನಿಯಾಳಿಗೆ ಕಂಡಿತು. ಕಣ್ಣು ಮುಚ್ಚಿಕೊಂಡು, ಎರಡೂ ಕಡೆಯ ಮರ್ಯಾದೆಯನ್ನು ಕೇಳಿಸಿಕೊಳ್ಳುತ್ತ.

ಹಡಗು ಕೂಗಿತು. ಅವಳು ಚಾಪೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮಡಿಲಿಗಿಟ್ಟಳು. “ಅವರು ನಿಮ್ಮಿಂದ ತಂದಿದ್ದು.”

ಇಟ್ಟ ಮೇಲೂ ಕೈ ಬಿಡಲಾಗಲಿಲ್ಲ. ಅತ್ತೆಯೂ ಎಳೆದುಕೊಳ್ಳಲಿಲ್ಲ.